ದೊಡ್ಡ ಕಂಪನಿ, ಒಂಟಿ ನೌಕರ

ಐಟಿ ಎಂದೊಡನೆ ಕರ್ನಾಟಕದ ಬಹುಪಾಲು ಓದುಗರ ಗಮನ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳತ್ತ ಹೊರಳುತ್ತದೆ. ಬೀದರ್, ಕಲಬುರಗಿ, ರಾಯಚೂರು ಸೀಮೆಯ ಮನೆಗಳಲ್ಲಿ ಮಾತು ಬೇರೆ. ಅಲ್ಲಿ ಎಂಜಿನಿಯರಿಂಗ್ ಮುಗಿಸಿದ ಅನೇಕ ಮಕ್ಕಳು ಕೆಲಸ ಹುಡುಕಿಕೊಂಡು ಹೋಗುವುದು ಹೈದರಾಬಾದಿಗೆ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಹೈದರಾಬಾದಿಗೆ 150ಕ್ಕೂ ಕಡಿಮೆ. ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ದಾಟಿ ಬರುವ ದಾರಿಯಲ್ಲಿ, ಹಳೆಯ ನಗರ ಇನ್ನೂ ದೂರವಿರುವಾಗಲೇ ಲಿಂಗಂಪಲ್ಲಿ ಸಿಗುತ್ತದೆ. ಅಲ್ಲಿಂದ ಐಟಿ ಕಂಪನಿಗಳ ಗಚ್ಚಿಬೌಲಿ ಕೆಲವೇ ಕಿಲೋಮೀಟರ್. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಿಂದಿನ ತಲೆಮಾರು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ, ಉಸ್ಮಾನಿಯಾ ಆಸ್ಪತ್ರೆಗೆ, ಬೇಗಂ ಬಜಾರಿನ ಸಗಟು ಅಂಗಡಿಗಳಿಗೆ ಹೋಗಿಬರುತ್ತಿತ್ತು. ಈಗಿನ ತಲೆಮಾರಿಗೆ ಹೈದರಾಬಾದ್ ಎಂದರೆ ಗಚ್ಚಿಬೌಲಿ, ಕೊಂಡಾಪುರ, ನಾನಕ್‌ರಾಮ್‌ಗುಡ.

ಸಂಬಳ ಎಷ್ಟೆಂದು ಊರಿನವರೆಲ್ಲ ಕೇಳುತ್ತಾರೆ. ಮ್ಯಾನೇಜರ್ ಹೇಗೆ, ಕೆಲಸ ಬಿಡಿಸಿದರೆ ಏನು ಗತಿ ಎಂದು ಕೇಳುವವರು ವಿರಳ. ಆದರೆ ಸಾವಿರಾರು ಜನ ದುಡಿಯುವ ದೊಡ್ಡ ಕಂಪನಿಗಳಲ್ಲಿ ನೌಕರನ ಬದುಕನ್ನು ನಿರ್ಧರಿಸುತ್ತಿರುವುದು ಈ ಎರಡನೆಯ ಪ್ರಶ್ನೆಯೇ. ಮೇಲಧಿಕಾರಿಯ ವರ್ತನೆ, ವರ್ಷಕ್ಕೊಮ್ಮೆ ಬರುವ ರೇಟಿಂಗ್, ಕೆಲಸದ ವೇಳೆ, ಹೊರಗೆ ಕಳಿಸುವ ರೀತಿ ಇವೆಲ್ಲ ಸೇರಿ ಆಗುವ ಕಚೇರಿ ಸಂಸ್ಕೃತಿಯನ್ನು ಕಂಪನಿಯ ಒಳಗಿನ ವಿಷಯ ಎಂದು ಸರ್ಕಾರ, ಸಮಾಜ ಎರಡೂ ಬಿಟ್ಟುಬಿಟ್ಟಿವೆ. ಹಾಗೆ ಬಿಟ್ಟದ್ದು ಸರಿಯೇ ಎಂಬುದನ್ನು ನಾವು ಸಾರ್ವಜನಿಕವಾಗಿ ಚರ್ಚಿಸಬೇಕಾದ ಕಾಲ ಬಂದಿದೆ.

ಬಂಡೆಗಳ ನಡುವೆ ಎದ್ದ ಉದ್ಯೋಗಪೇಟೆ

ಅರ್ಧ ಶತಮಾನದ ಹಿಂದೆ ಗಚ್ಚಿಬೌಲಿ ನಗರದ ಹೊರಗಿನ ಬಂಡೆಗಲ್ಲು, ಕುರುಚಲು ಕಾಡಿನ ಪ್ರದೇಶ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯದ ಕ್ಯಾಂಪಸ್ ಮುಂದೆ ಇಲ್ಲಿ ತಲೆಯೆತ್ತಿತು. 1998ರ ನವೆಂಬರ್‌ನಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಈ ಭಾಗದ ಹಣೆಬರಹ ಬದಲಾಯಿತು. ಅದೇ ವರ್ಷ ಇಲ್ಲಿ ಮಾಹಿತಿ ತಂತ್ರಜ್ಞಾನಕ್ಕೆ ಮೀಸಲಾದ ಉನ್ನತ ಶಿಕ್ಷಣ ಸಂಸ್ಥೆಯೊಂದು ಆರಂಭವಾಯಿತು. ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ತನ್ನ ಅಭಿವೃದ್ಧಿ ಕೇಂದ್ರಕ್ಕೆ ಈ ನಗರವನ್ನೇ ಆರಿಸಿಕೊಂಡಿತು. ಬೆಂಗಳೂರಿನಲ್ಲಿ ಬೇರೂರಿದ್ದ ಎರಡು ದೊಡ್ಡ ಕಂಪನಿಗಳೂ ಇಲ್ಲಿ ಕ್ಯಾಂಪಸ್ ಕಟ್ಟಿದವು. 158 ಕಿಲೋಮೀಟರಿನ ಹೊರವರ್ತುಲ ರಸ್ತೆಯಿಂದ ವಿಮಾನ ನಿಲ್ದಾಣ ಹತ್ತಿರವಾಯಿತು. ಮೆಟ್ರೊ ಮಾತ್ರ 2019ರಲ್ಲಿ ರಾಯದುರ್ಗಂವರೆಗೆ ಬಂದು ನಿಂತಿದೆ. ಅಲ್ಲಿಂದ ಮುಂದಕ್ಕೆ ಕ್ಯಾಬ್, ಶೇರ್ ಆಟೊ, ಬೈಕೇ ಗತಿ.

ಸರ್ಕಾರಿ ಲೆಕ್ಕದ ಪ್ರಕಾರ ತೆಲಂಗಾಣ ರಾಜ್ಯ ಹುಟ್ಟುವ ಮುಂಚಿನ 2013-14ರಲ್ಲಿ ಇಲ್ಲಿಯ ಐಟಿ ರಫ್ತು ಸುಮಾರು 57 ಸಾವಿರ ಕೋಟಿ ರೂಪಾಯಿ, ಉದ್ಯೋಗಿಗಳು 3.23 ಲಕ್ಷ. ಹತ್ತು ವರ್ಷದಲ್ಲಿ ರಫ್ತು 2.68 ಲಕ್ಷ ಕೋಟಿ ದಾಟಿತು, ಉದ್ಯೋಗಿಗಳು ಒಂಬತ್ತೂವರೆ ಲಕ್ಷಕ್ಕೆ ಸಮೀಪಿಸಿದರು. ಈ ಬೆಳವಣಿಗೆ ಸಣ್ಣದಲ್ಲ. ಜಮೀನು ಮಾರದೆ, ಲಂಚ ಕೊಡದೆ, ಯಾರ ಶಿಫಾರಸೂ ಇಲ್ಲದೆ ಸಿಕ್ಕ ನೌಕರಿಯಿಂದ ಎಷ್ಟೋ ಮನೆಗಳ ಸಾಲ ತೀರಿದೆ, ತಂಗಿಯರ ಓದು ಮುಂದುವರಿದಿದೆ. ಈ ಉದ್ಯಮದ ಬಗ್ಗೆ ಬರೆಯುವವರು ಈ ಋಣವನ್ನು ಮರೆಯುವಂತಿಲ್ಲ.

ಆದರೆ ಈ ನೌಕರಿಯ ನೆಲ ಗಟ್ಟಿಯಲ್ಲ ಎಂಬುದೂ ಈ ನಗರಕ್ಕೆ ಬಹಳ ಹಿಂದೆಯೇ ತಿಳಿದಿತ್ತು. 2009ರ ಜನವರಿ 7ರಂದು ಸತ್ಯಂ ಕಂಪನಿಯ ಮುಖ್ಯಸ್ಥರೇ ಸಾವಿರಾರು ಕೋಟಿಯ ಸುಳ್ಳು ಲೆಕ್ಕವನ್ನು ಪತ್ರದಲ್ಲಿ ಒಪ್ಪಿಕೊಂಡಾಗ ಅಲ್ಲಿ ಸುಮಾರು 53 ಸಾವಿರ ನೌಕರರಿದ್ದರು. ಕೆಲಸದಲ್ಲಿ ಯಾವ ತಪ್ಪನ್ನೂ ಮಾಡದ ಅವರು ಮುಂದಿನ ತಿಂಗಳ ಸಂಬಳ ಬರುವುದೋ ಇಲ್ಲವೋ ಎಂದು ಕಾಯಬೇಕಾಯಿತು. ಕೇಂದ್ರ ಸರ್ಕಾರ ಮಧ್ಯೆ ಪ್ರವೇಶಿಸಿ ಹೊಸ ಆಡಳಿತ ಮಂಡಳಿ ನೇಮಿಸಿದ್ದರಿಂದ ಕಂಪನಿ ಉಳಿಯಿತು. ಕಂಪನಿಗಳ ಲೆಕ್ಕಪತ್ರದ ಮೇಲೆ ನಿಗಾ ಬಿಗಿಯಾದದ್ದು ಆ ಹಗರಣದ ಫಲ. ನೌಕರನನ್ನು ನಡೆಸಿಕೊಳ್ಳುವ ರೀತಿಯ ಮೇಲೆ ಅಂಥ ನಿಗಾ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ನೌಕರನ ಪಾಲಿಗೆ ಮ್ಯಾನೇಜರೇ ಕಂಪನಿ

ದೊಡ್ಡ ಕಂಪನಿಗಳಲ್ಲಿ ದುಡಿದವರ ಮಾತು ಕೇಳಿದರೆ ಒಂದೇ ಕಟ್ಟಡದ ಬಗ್ಗೆ ಎರಡು ಬಗೆಯ ವರ್ಣನೆ ಸಿಗುತ್ತದೆ. ಮೂರನೇ ಮಹಡಿಯವರಿಗೆ ಅದು ಕಲಿಯಲು ಅವಕಾಶ ಕೊಟ್ಟ, ತಾಯಿಯ ಆಪರೇಷನ್‌ಗೆ ಕೇಳಿದ ಕೂಡಲೇ ರಜೆ ಕೊಟ್ಟ ಕಂಪನಿ. ಆರನೇ ಮಹಡಿಯವರಿಗೆ ಅದೇ ಕಂಪನಿ ಭಾನುವಾರವೂ ಫೋನ್ ಮಾಡುವ, ರಜೆ ಕೇಳಿದರೆ ಮುಖ ಸಿಂಡರಿಸುವ ಜಾಗ. ಮೌಲ್ಯಗಳ ಫಲಕ ಎರಡೂ ಮಹಡಿಗಳಲ್ಲಿ ಒಂದೇ. ಬದಲಾಗಿರುವುದು ಮ್ಯಾನೇಜರ್, ಪ್ರಾಜೆಕ್ಟ್, ಕ್ಲಯಂಟ್.

ಸೇವಾ ಕಂಪನಿಗಳಲ್ಲಿ ಇದಕ್ಕೆ ವ್ಯವಹಾರದ ಕಾರಣವಿದೆ. ನೌಕರನ ದುಡಿಮೆಗೆ ಹೊರದೇಶದ ಕ್ಲಯಂಟ್ ಹಣ ಕೊಡುತ್ತಾನೆ. ಯಾವ ಪ್ರಾಜೆಕ್ಟೂ ಇಲ್ಲದೆ ಕೂತವನು ಬೆಂಚ್ ಮೇಲಿದ್ದಾನೆ ಎನ್ನುತ್ತಾರೆ. ದೇಶದ ಅತಿ ದೊಡ್ಡ ಐಟಿ ಕಂಪನಿ 2025ರ ಜೂನ್‌ನಲ್ಲಿ ತಂದ ನಿಯಮದಂತೆ ನೌಕರ ವರ್ಷಕ್ಕೆ 225 ದಿನ ಬಿಲ್ಲಿಂಗ್‌ನಲ್ಲಿರಬೇಕು. ಬೆಂಚ್‌ನ ಅವಧಿ 35 ದಿನ ಮೀರಬಾರದು. ಪ್ರಾಜೆಕ್ಟ್ ಹುಡುಕಿಕೊಳ್ಳುವ ಹೊಣೆಯ ದೊಡ್ಡ ಪಾಲು ನೌಕರನದೇ. ಆದರೆ ಪ್ರಾಜೆಕ್ಟಿಗೆ ಸೇರಿಸಿಕೊಳ್ಳುವವರು ಮ್ಯಾನೇಜರ್, ಬಿಡುಗಡೆ ಮಾಡುವವರೂ ಮ್ಯಾನೇಜರ್. ವ್ಯವಹಾರದ ಏರಿಳಿತದ ಭಾರ ಹೀಗೆ ಕೆಳಕ್ಕಿಳಿದು ಕೊನೆಗೆ ಒಬ್ಬ ಮೇಲಧಿಕಾರಿಯ ಒಲವು-ಮುನಿಸುಗಳ ಮೇಲೆ ನಿಲ್ಲುತ್ತದೆ.

ವರ್ಷಾಂತ್ಯದ ಅಪ್ರೈಸಲ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನೌಕರ ಮೊದಲು ತನ್ನ ಕೆಲಸದ ವಿವರವನ್ನು ತಾನೇ ತುಂಬಿ ತನಗೆ ತಾನೇ ಅಂಕ ಕೊಟ್ಟುಕೊಳ್ಳುತ್ತಾನೆ. ಮ್ಯಾನೇಜರ್ ಅವನೊಂದಿಗೆ ಮಾತಾಡಿ ತಮ್ಮ ರೇಟಿಂಗ್ ಬರೆಯುತ್ತಾರೆ. ಬಳಿಕ ಮ್ಯಾನೇಜರುಗಳೆಲ್ಲ ಒಂದು ಕೋಣೆಯಲ್ಲಿ ಕೂತು ಎಲ್ಲ ತಂಡಗಳ ರೇಟಿಂಗ್‌ಗಳನ್ನು ಹೊಂದಿಸುತ್ತಾರೆ: ಇಷ್ಟು ಜನ ಮೇಲೆ, ಇಷ್ಟು ಜನ ನಡುವೆ, ಇಷ್ಟು ಜನ ಕೆಳಗೆ. ಹತ್ತು ಜನರ ತಂಡದಲ್ಲಿ ಹತ್ತೂ ಜನ ಚೆನ್ನಾಗಿ ದುಡಿದಿದ್ದರೂ ಒಬ್ಬರಾದರೂ ಕೆಳಗಿಳಿಯಲೇಬೇಕು. ಆ ಕೋಣೆಗೆ ನೌಕರನಿಗೆ ಪ್ರವೇಶವಿಲ್ಲ. ಹೊರಗೆ ಬರುವ ಅಂಕಿಯಿಂದ ಅವನ ಹೈಕ್, ಬಡ್ತಿ, ಆನ್‌ಸೈಟ್ ಅವಕಾಶ, ಕೆಲವೊಮ್ಮೆ ನೌಕರಿಯೇ ನಿರ್ಧಾರವಾಗುತ್ತದೆ. ಕೆಳಗಿನ ರೇಟಿಂಗ್ ಬಂದವರನ್ನು ಪಿಐಪಿಗೆ, ಅಂದರೆ ನಿಗದಿತ ಅವಧಿಯಲ್ಲಿ ಸುಧಾರಿಸಿಕೊಂಡು ತೋರಿಸಬೇಕಾದ ಪರೀಕ್ಷೆಗೆ, ಒಡ್ಡುತ್ತಾರೆ. ಸುಧಾರಣೆಗೆಂದು ಶುರುವಾದ ಈ ಕ್ರಮ ಬಹಳ ಕಡೆ ಹೊರದಾರಿಯ ಮೊದಲ ಮೆಟ್ಟಿಲಾಗಿದೆ ಎಂಬುದು ನೌಕರರ ಸಾಮಾನ್ಯ ದೂರು.

ಈ ಪದ್ಧತಿ ನಮ್ಮ ನೆಲದ್ದಲ್ಲ. 1980ರ ದಶಕದಲ್ಲಿ ಅಮೆರಿಕದ ವಿದ್ಯುತ್ ಉಪಕರಣಗಳ ಬೃಹತ್ ಕಂಪನಿಯೊಂದರಲ್ಲಿ ಹೆಸರು ಮಾಡಿ ಸಾಫ್ಟ್‌ವೇರ್ ಲೋಕಕ್ಕೆ ಹರಡಿತು. ಗಚ್ಚಿಬೌಲಿಯಲ್ಲಿ ದೊಡ್ಡ ಕ್ಯಾಂಪಸ್ ಇರುವ ಆ ಅಮೆರಿಕನ್ ಸಾಫ್ಟ್‌ವೇರ್ ಕಂಪನಿಯೂ ವರ್ಷಗಟ್ಟಲೆ ಇದನ್ನು ಪಾಲಿಸಿ, ಜೊತೆಗಾರರೇ ಪರಸ್ಪರ ವೈರಿಗಳಾಗುತ್ತಿದ್ದಾರೆ ಎಂಬ ಟೀಕೆ ಬಲವಾದ ಮೇಲೆ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಮೂರು ತಿಂಗಳಲ್ಲಿ ಅದರ ಚುಕ್ಕಾಣಿ ಹಿಡಿದವರು ಹೈದರಾಬಾದಿನಲ್ಲಿ ಓದಿ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಲಿತವರು. ಎಲ್ಲ ಬಲ್ಲವರಾಗುವುದಕ್ಕಿಂತ ಎಲ್ಲವನ್ನೂ ಕಲಿಯುವವರಾಗಿ ಎಂಬ ಮಾತನ್ನು ಅವರು ಕಂಪನಿಯ ಸಂಸ್ಕೃತಿಯಾಗಿಸಲು ಹೊರಟರು; ಕಂಪನಿಯ ಮಾರುಕಟ್ಟೆ ಮೌಲ್ಯ ಆಮೇಲೆ ಹಲವು ಪಟ್ಟು ಬೆಳೆಯಿತು. ಬೆಳವಣಿಗೆಗೆ ಬೇರೆ ಕಾರಣಗಳೂ ಇವೆ. ಆದರೂ ನೌಕರರನ್ನು ಒಬ್ಬರ ಮೇಲೊಬ್ಬರನ್ನು ಕಾದಾಡಿಸದೆ ಲಾಭ ಮಾಡಲಾಗದು ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಮ್ಯಾನೇಜರುಗಳ ಪಕ್ಷವನ್ನೂ ಹೇಳಬೇಕು. ಅವರಲ್ಲಿ ಬಹಳ ಮಂದಿ ಚೆನ್ನಾಗಿ ಕೋಡ್ ಬರೆಯುತ್ತಿದ್ದರೆಂಬ ಕಾರಣಕ್ಕೆ ಬಡ್ತಿ ಪಡೆದವರು. ಜನರನ್ನು ನಡೆಸುವ ವಿದ್ಯೆಯನ್ನು ಅವರಿಗೆ ಯಾರೂ ಗಂಭೀರವಾಗಿ ಕಲಿಸಿಲ್ಲ. ಕ್ಲಯಂಟ್‌ಗೆ ಮಾತು ಕೊಟ್ಟವರು ಇನ್ನೂ ಮೇಲಿನವರು. ಗಡುವು ತಪ್ಪಿದರೆ ಬೈಸಿಕೊಳ್ಳುವವರು ಇವರು. ಮೇಲಿನಿಂದ ಬಂದ ಒತ್ತಡವನ್ನು ಕೆಳಕ್ಕೆ ದಾಟಿಸುವುದೇ ನಿರ್ವಹಣೆ ಎಂದು ಅವರು ನಂಬಿದ್ದರೆ ತಪ್ಪು ಅವರೊಬ್ಬರದೇ ಅಲ್ಲ.

ತನ್ನ ಕೈಯಾರೆ ಬರೆದ ರಾಜೀನಾಮೆ

ದೊಡ್ಡ ಕಂಪನಿಗಳಲ್ಲಿ ವಜಾ ಆದೇಶಗಳು ಕಡಿಮೆ, ರಾಜೀನಾಮೆಗಳು ಹೆಚ್ಚು. ನೌಕರರು ಹೇಳುವ ಕ್ರಮ ಹೆಚ್ಚುಕಡಿಮೆ ಒಂದೇ ತೆರನಾಗಿದೆ. ಎಚ್‌ಆರ್‌ನಿಂದ ಕ್ಯಾಲೆಂಡರಿಗೆ ವಿಷಯ ತಿಳಿಸದ ಹದಿನೈದು ನಿಮಿಷದ ಮೀಟಿಂಗ್ ಬರುತ್ತದೆ. ಕೋಣೆಯಲ್ಲಿ ಎಚ್‌ಆರ್ ಜೊತೆ ಮ್ಯಾನೇಜರ್ ಇರುತ್ತಾರೆ, ಅಥವಾ ಇರುವುದಿಲ್ಲ. ಎರಡು ದಾರಿ ಮುಂದಿಡುತ್ತಾರೆ: ಈಗಲೇ ಪೋರ್ಟಲ್‌ನಲ್ಲಿ ರಾಜೀನಾಮೆ ಹಾಕಿದರೆ ಎರಡು ಮೂರು ತಿಂಗಳ ಸಂಬಳ, ಕಳಂಕವಿಲ್ಲದ ರಿಲೀವಿಂಗ್ ಲೆಟರ್, ಹಾಕದಿದ್ದರೆ ವಜಾ, ಮುಂದಿನ ಕಂಪನಿ ಹಿನ್ನೆಲೆ ಪರಿಶೀಲಿಸಿದಾಗ ಅದು ಗೊತ್ತಾಗುತ್ತದೆ. ಮನೆಗೆ ಫೋನ್ ಮಾಡಿ ವಿಚಾರಿಸುತ್ತೇನೆ ಎಂದರೆ ಸಮಯವಿಲ್ಲ. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು, ಕೊರಳಿನ ಕಾರ್ಡ್ ಬಿಚ್ಚಿಕೊಟ್ಟು ಗೇಟಿನ ಹೊರಗೆ ಬರುವಷ್ಟರಲ್ಲಿ ಮೇಲ್ ಖಾತೆಯೂ ಮುಚ್ಚಿರುತ್ತದೆ. ಎಲ್ಲ ಕಡೆ ಹೀಗೇ ನಡೆಯುತ್ತದೆಂದು ಹೇಳಲಾಗದು. ಗೌರವದಿಂದ, ಮುಂಚೆಯೇ ತಿಳಿಸಿ, ಬೇರೆ ಕೆಲಸ ಹುಡುಕಲು ಸಹಾಯ ಮಾಡಿ ಕಳಿಸಿಕೊಟ್ಟ ಕಂಪನಿಗಳೂ ಇವೆ.

ಕಾನೂನಿನ ದೃಷ್ಟಿಯಲ್ಲಿ ಈ ಹದಿನೈದು ನಿಮಿಷಕ್ಕೆ ಬಹಳ ಬೆಲೆಯಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ, ಒಂದು ವರ್ಷ ಪೂರೈಸಿದ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕಿತ್ತು, ಸರ್ಕಾರಕ್ಕೂ ತಿಳಿಸಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ತತ್ವ ಉಳಿದಿದೆ. ಆದರೆ ನೌಕರ ತಾನೇ ರಾಜೀನಾಮೆ ಕೊಟ್ಟನೆಂದು ದಾಖಲೆಯಾದರೆ ಇದಾವುದೂ ಅನ್ವಯಿಸದು. ಬಲವಂತದಿಂದ ಬರೆಸಿಕೊಂಡರು ಎಂಬುದನ್ನು ಸಾಬೀತು ಮಾಡುವ ಹೊಣೆ ಅವನ ಮೇಲೇ ಬೀಳುತ್ತದೆ. ಪುರಾವೆಗಳಿದ್ದ ಮೇಲ್ ಖಾತೆ ಅವನ ಕೈಯಲ್ಲಿಲ್ಲ.

2025ರ ಫೆಬ್ರುವರಿಯಲ್ಲಿ ದೊಡ್ಡ ಐಟಿ ಕಂಪನಿಯೊಂದರ ಮೈಸೂರಿನ ಪ್ರಸಿದ್ಧ ತರಬೇತಿ ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ತರಬೇತಿ ನೌಕರರು ಹೊರಬಿದ್ದಾಗ ಈ ವಿಷಯ ಕನ್ನಡ ನಾಡಿನ ಅಂಗಳಕ್ಕೇ ಬಂತು. ಆಯ್ಕೆಯಾಗಿ ಎರಡು ವರ್ಷಕ್ಕೂ ಹೆಚ್ಚು ಕಾದು ಸೇರಿದ್ದ ಯುವಕರು ಅವರಲ್ಲಿದ್ದರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ, ಈ ಷರತ್ತು ಒಪ್ಪಂದದಲ್ಲೇ ಇತ್ತು ಎಂಬುದು ಕಂಪನಿಯ ಸಮರ್ಥನೆ. ಸಂಖ್ಯೆ ಇನ್ನೂ ಹೆಚ್ಚು, ಪರೀಕ್ಷೆಯ ಮಟ್ಟವನ್ನೇ ಏರಿಸಲಾಯಿತು, ಗುಂಪುಗುಂಪಾಗಿ ಕರೆದು ಸಹಿ ಹಾಕಿಸಿಕೊಂಡರು ಎಂಬುದು ನೌಕರರ ಪರವಾಗಿ ನಿಂತವರ ಆರೋಪ. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯದಿಂದ ವರದಿ ಕೇಳಿತು. ಅವರು ತರಬೇತಿಯಲ್ಲಿದ್ದವರು, ಕಾಯಂ ನೌಕರರಲ್ಲ, ಆದ್ದರಿಂದ ಇದು ವಜಾ ಅಲ್ಲ ಎಂಬ ನಿಲುವು ರಾಜ್ಯದ ಕಾರ್ಮಿಕ ಇಲಾಖೆಯ ಕಡೆಯಿಂದ ಬಂತು. ಕಾನೂನಿನ ಅಕ್ಷರದಲ್ಲಿ ಅದು ಸರಿಯಿರಬಹುದು. ಆದರೆ ಎರಡು ವರ್ಷ ಬೇರೆ ಅವಕಾಶಗಳನ್ನು ಬಿಟ್ಟು ಕಾದ ಹುಡುಗನಿಗೆ ಯಾವ ಕಾನೂನಿನಲ್ಲೂ ಜಾಗವಿಲ್ಲವೆಂದಾದರೆ ಕೊರತೆಯಿರುವುದು ಕಾನೂನಿನಲ್ಲೇ. ಅದೇ ವರ್ಷದ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು, ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರನ್ನು, ಕಡಿಮೆ ಮಾಡುವುದಾಗಿ ಪ್ರಕಟಿಸಿತು.

ಹೋರಾಡಿದವರಿಗೆ ನ್ಯಾಯ ಸಿಕ್ಕ ಉದಾಹರಣೆಯೂ ಇದೆ. 2015ರಲ್ಲಿ ಕೆಲಸ ಕಳೆದುಕೊಂಡ ಚೆನ್ನೈನ ಐಟಿ ನೌಕರರೊಬ್ಬರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಅವರು ಮ್ಯಾನೇಜರ್ ದರ್ಜೆಯವರು, ಕಾರ್ಮಿಕರಲ್ಲ ಎಂದು ಕಂಪನಿ ವಾದಿಸಿತು. ಹುದ್ದೆಯ ಹೆಸರು ಮುಖ್ಯವಲ್ಲ, ಮಾಡುತ್ತಿದ್ದ ಕೆಲಸದ ಸ್ವರೂಪ ಮುಖ್ಯ ಎಂಬ ತತ್ವವನ್ನು ನ್ಯಾಯಾಲಯಗಳು ಬಹಳ ಹಿಂದಿನಿಂದ ಹೇಳುತ್ತ ಬಂದಿವೆ. 2022ರಲ್ಲಿ ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶವಾಯಿತು. ಈ ನಡುವೆ ಏಳು ವರ್ಷ ಕಳೆದಿತ್ತು. ಪಿಜಿ ಬಾಡಿಗೆ, ಮನೆಸಾಲದ ಕಂತು, ಊರಿಗೆ ಕಳಿಸುವ ಹಣ ಇರುವ ಎಷ್ಟು ಮಂದಿ ಏಳು ವರ್ಷ ಕಾಯಬಲ್ಲರು?

ಗಂಟೆಗಳ ಲೆಕ್ಕ, ದೇಹದ ಲೆಕ್ಕ

ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಿರಿಯ ಉದ್ಯಮಿಯೊಬ್ಬರು ಹೇಳಿದರು. 2025ರ ಜನವರಿಯಲ್ಲಿ ಮತ್ತೊಂದು ಬೃಹತ್ ಕಂಪನಿಯ ಮುಖ್ಯಸ್ಥರು 90 ಗಂಟೆಯ ಮಾತಾಡಿದರು. ಕರ್ನಾಟಕದಲ್ಲಿ ದಿನದ ದುಡಿಮೆಯನ್ನು ಹಿಗ್ಗಿಸುವ ಪ್ರಸ್ತಾವ 2024 ಮತ್ತು 2025ರಲ್ಲಿ ಎರಡು ಸಲ ಮೇಲೆದ್ದು ನೌಕರರ ವಿರೋಧ ಎದುರಿಸಿತು. ತೆಲಂಗಾಣ 2025ರ ಜುಲೈನಲ್ಲಿ ವಾಣಿಜ್ಯ ಸಂಸ್ಥೆಗಳಲ್ಲಿ ದಿನಕ್ಕೆ 10 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಟ್ಟಿತು. ವಾರಕ್ಕೆ 48 ಗಂಟೆಯ ಮಿತಿಯನ್ನು ಉಳಿಸಿಕೊಂಡಿತು.

ನಿಜದಲ್ಲಿ ಗಚ್ಚಿಬೌಲಿಯ ಗಡಿಯಾರ ಆದೇಶಗಳಂತೆ ನಡೆಯುವುದಿಲ್ಲ. ನ್ಯೂಯಾರ್ಕಿಗೂ ನಮಗೂ ಒಂಬತ್ತೂವರೆಯಿಂದ ಹತ್ತೂವರೆ ಗಂಟೆಯ ಅಂತರ. ಅಲ್ಲಿಯ ಬೆಳಗಿನ ಮೀಟಿಂಗ್ ಇಲ್ಲಿಯ ರಾತ್ರಿ. ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬಂದವರು ಸಂಜೆ ಟ್ರಾಫಿಕ್‌ನಲ್ಲಿ ಕೋಣೆ ಸೇರಿ ರಾತ್ರಿ ಮತ್ತೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಈ ಎರಡನೇ ಪಾಳಿ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಡಿಎಲ್‌ಎಫ್ ಐಟಿ ಕಟ್ಟಡಗಳ ಎದುರಿನ ಬೀದಿಯಲ್ಲಿ ರಾತ್ರಿ ಹೊತ್ತು ದೋಸೆ, ಮ್ಯಾಗಿ, ಫ್ರೈಡ್ ರೈಸ್ ಗಾಡಿಗಳ ಮುಂದೆ ಕೊರಳಲ್ಲಿ ಕಾರ್ಡ್ ಹಾಕಿಕೊಂಡೇ ನಿಂತಿರುವವರ ಸಾಲು ನೋಡಿದರೆ ಈ ದಿನಚರಿ ಅರ್ಥವಾಗುತ್ತದೆ.

ದೇಹ ಇದರ ಲೆಕ್ಕ ಇಟ್ಟಿದೆ. ಗಚ್ಚಿಬೌಲಿಯ ವಿಶ್ವವಿದ್ಯಾಲಯ ಮತ್ತು ಅಲ್ಲಿಯದೇ ಆಸ್ಪತ್ರೆಯೊಂದರ ಸಂಶೋಧಕರು ಹೈದರಾಬಾದಿನ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ 84ರಷ್ಟು ಮಂದಿಯ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿತ್ತು. ಶೇ 71ರಷ್ಟು ಮಂದಿ ಬೊಜ್ಜಿನವರು. ದೀರ್ಘಕಾಲ ಕೂತೇ ಇರುವುದು, ನಿದ್ದೆಗೇಡು, ಪಾಳಿ ಬದಲಾವಣೆ, ಒತ್ತಡ ಇವನ್ನು ಕಾರಣಗಳ ಸಾಲಿನಲ್ಲಿ ಗುರುತಿಸಲಾಗಿದೆ. ಮಾದರಿ ಚಿಕ್ಕದು, ನಿಜ. ಆದರೆ ಈ ಪ್ರಮಾಣವನ್ನು ಅಲಕ್ಷಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ದೀರ್ಘಾವಧಿಯ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು, ಹೃದ್ರೋಗದ ಸಾವುಗಳು 2016ರಲ್ಲಿ ಜಗತ್ತಿನಾದ್ಯಂತ 7.45 ಲಕ್ಷ.

2024ರ ಜುಲೈನಲ್ಲಿ ಪುಣೆಯ ಬಹುರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯಲ್ಲಿ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಯುವತಿ ತೀರಿಕೊಂಡಾಗ, ಅವಳ ತಾಯಿ ಕಂಪನಿಯ ಮುಖ್ಯಸ್ಥರಿಗೆ ಬರೆದ ಪತ್ರ ದೇಶವನ್ನೇ ಕಲಕಿತು. ಕೆಲಸದ ಒತ್ತಡವೇ ಸಾವಿಗೆ ಕಾರಣವೆಂಬುದನ್ನು ಕಂಪನಿ ಒಪ್ಪಲಿಲ್ಲ. ಆದರೆ ತಪಾಸಣೆಗೆ ಹೋದ ಅಧಿಕಾರಿಗಳಿಗೆ ಸಿಕ್ಕ ಸಂಗತಿ ಗಮನಾರ್ಹ: 2007ರಿಂದ ನಡೆಯುತ್ತಿದ್ದ ಆ ಕಚೇರಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯನ್ನೇ ಮಾಡಿಸಿರಲಿಲ್ಲ. ಹದಿನೇಳು ವರ್ಷ ಯಾರೂ ಕೇಳಿರಲಿಲ್ಲ.

ವಿನಾಯಿತಿ ಉಳಿಯಿತು, ಷರತ್ತು ಮರೆತುಹೋಯಿತು

ಯಾರೂ ಕೇಳದ ಈ ಸ್ಥಿತಿ ತಾನಾಗಿ ಬಂದದ್ದಲ್ಲ. ಅವಿಭಜಿತ ಆಂಧ್ರ ಪ್ರದೇಶ 2002ರಲ್ಲೇ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಹಲವು ಕಲಂಗಳಿಂದ ಐಟಿ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿತು. ಕೆಲಸದ ವೇಳೆ, ಮಹಿಳೆಯರ ರಾತ್ರಿ ಪಾಳಿ, ಸೇವೆಯಿಂದ ತೆಗೆಯುವ ವಿಧಾನ ಅದರಲ್ಲಿ ಸೇರಿದ್ದವು. ತೆಲಂಗಾಣವೂ ಅದನ್ನು ಮುಂದುವರಿಸಿತು. ಕರ್ನಾಟಕ, ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸಬೇಕೆನ್ನುವ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ವಲಯಕ್ಕೆ 2014ರಲ್ಲಿ ಐದು ವರ್ಷದ ವಿನಾಯಿತಿ ಕೊಟ್ಟು, 2019ರಲ್ಲಿ, ಮತ್ತೆ 2024ರಲ್ಲಿ ವಿಸ್ತರಿಸಿತು. ಆ ಕಾಯ್ದೆ ಈಗ ಹೊಸ ಸಂಹಿತೆಯಲ್ಲಿ ಲೀನವಾಗಿದೆ. ವಿನಾಯಿತಿ ಕೊಡುವ ಅಧಿಕಾರ ಅಲ್ಲೂ ಸರ್ಕಾರದ ಕೈಯಲ್ಲೇ ಇದೆ.

ಉದ್ಯಮದ ವಾದದಲ್ಲಿ ತಿರುಳಿಲ್ಲದಿಲ್ಲ. ಹೊರದೇಶದ ಗ್ರಾಹಕನನ್ನು ನಂಬಿದ ವ್ಯವಹಾರವನ್ನು ಗಿರಣಿಯ ಕಾಲದ ನಿಯಮಗಳಿಂದ ನಡೆಸಲಾಗದು, ಸಡಿಲಿಕೆ ಇದ್ದುದರಿಂದಲೇ ಲಕ್ಷಾಂತರ ಉದ್ಯೋಗ ಹುಟ್ಟಿತು, ಇಷ್ಟವಾಗದವರು ಬೇರೆ ಕಂಪನಿಗೆ ಹೋಗಬಹುದು ಎನ್ನುತ್ತಾರೆ ಅವರು. 2022ರ ಮಧ್ಯದಲ್ಲಿ ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಬಿಟ್ಟುಹೋಗುವವರ ಪ್ರಮಾಣ ಶೇ 28 ದಾಟಿದ್ದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ. ಆದರೆ ಬೇಡಿಕೆ ಇಳಿದಾಗ ಆ ಬಾಗಿಲು ಮುಚ್ಚುತ್ತದೆ. ಬಿಡಬೇಕೆಂದರೆ ಬಹಳ ಕಡೆ ನೌಕರ 90 ದಿನದ ನೋಟಿಸ್ ಕೊಡಬೇಕು. ಬಿಡಿಸುವವರಿಗೆ ಹದಿನೈದು ನಿಮಿಷ ಸಾಕು. ಈ ಅಸಮತೆಯನ್ನು ಮಾರುಕಟ್ಟೆ ತಾನಾಗಿ ಸರಿಪಡಿಸಿದ್ದನ್ನು ಈ ಕಾಲು ಶತಮಾನದಲ್ಲಿ ನಾವು ಕಂಡಿಲ್ಲ.

ವಿನಾಯಿತಿಯನ್ನೇ ರದ್ದು ಮಾಡಿ ಎಂಬ ಬೇಡಿಕೆಗಿಂತ ಹತ್ತಿರದ, ನ್ಯಾಯವಾದ ದಾರಿ ಆ ಆದೇಶಗಳಲ್ಲೇ ಇದೆ. ಕರ್ನಾಟಕದ ವಿನಾಯಿತಿ ಷರತ್ತಿಲ್ಲದೆ ಕೊಟ್ಟದ್ದಲ್ಲ. ಮಾಲೀಕರು ಮತ್ತು ನೌಕರರ ಸಮಾನ ಪ್ರಾತಿನಿಧ್ಯವಿರುವ ಕುಂದುಕೊರತೆ ಸಮಿತಿ ಇರಬೇಕು. ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕು. ಅಮಾನತು, ವಜಾ, ಹಿಂಬಡ್ತಿಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ವಿನಾಯಿತಿಯ ಬಗ್ಗೆ ಎಲ್ಲರಿಗೂ ಗೊತ್ತು. ತಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ನೌಕರರ ಪರವಾಗಿ ಯಾರಿದ್ದಾರೆ ಎಂದು ಹೇಳಬಲ್ಲ ಎಂಜಿನಿಯರ್ ಸಿಗುವುದು ಕಷ್ಟ.

ಎರಡೂ ಸರ್ಕಾರಗಳು ಮಾಡಬಹುದಾದದ್ದು ಸರಳವಾಗಿದೆ. ವಿನಾಯಿತಿ ಪಡೆದ ಪ್ರತಿ ಕಂಪನಿ ವರ್ಷಕ್ಕೊಮ್ಮೆ ಎಷ್ಟು ದೂರು ಬಂತು, ಎಷ್ಟು ಇತ್ಯರ್ಥವಾಯಿತು, ಎಷ್ಟು ಜನರನ್ನು ತೆಗೆಯಲಾಯಿತು, ಎಷ್ಟು ಜನ ಪಿಐಪಿಯ ಅವಧಿಯಲ್ಲಿ ರಾಜೀನಾಮೆ ಕೊಟ್ಟರು ಎಂದು ಬಹಿರಂಗ ವರದಿ ಸಲ್ಲಿಸಬೇಕು. ಕಂಪನಿ ಕೇಳಿದ ರಾಜೀನಾಮೆಗೆ ಕನಿಷ್ಠ ಏಳು ದಿನದ ಯೋಚನಾವಧಿ, ಲಿಖಿತ ಕಾರಣ ಕಡ್ಡಾಯವಾಗಬೇಕು. ಇದರಿಂದ ಯಾವ ಕ್ಲಯಂಟ್ ಕೂಡ ಓಡಿಹೋಗುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಕಂಪನಿಗಳಿಗೆ ಹೆಸರೇ ಬರುತ್ತದೆ. ಅಲ್ಲಿಯವರೆಗೆ, ಮಕ್ಕಳನ್ನು ಗಚ್ಚಿಬೌಲಿಗೋ ಬೆಂಗಳೂರಿಗೋ ಕಳಿಸಿರುವ ಓದುಗರಲ್ಲಿ ಒಂದು ಮನವಿ: ನೇಮಕಾತಿ ಪತ್ರ, ಸಂಬಳದ ಚೀಟಿ, ರೇಟಿಂಗ್‌ನ ಪ್ರತಿಗಳನ್ನು ಪ್ರತಿ ವರ್ಷ ಮನೆಯಲ್ಲಿ ತೆಗೆದಿಡಲು ಅವರಿಗೆ ಹೇಳಿ, ಯಾವ ಕಾಗದಕ್ಕೂ ಕರೆದ ದಿನವೇ ಸಹಿ ಹಾಕಬೇಡಿ ಎಂದು ಹೇಳಿ.